ಹೊಸ ಡಾಂಬರಿನ ಕೆಳಗೆ ಹಳೆಯ ಕೊಳವೆ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ನಿಮ್ಮ ಬೀದಿಗೆ ಡಾಂಬರು ಹಾಕಿ ಇನ್ನೂ ವರ್ಷ ತುಂಬಿಲ್ಲ. ಹೊಸ ರಸ್ತೆಯನ್ನು ಐದು ವರ್ಷ ಯಾರೂ ಅಗೆಯಕೂಡದೆಂದು ನಗರಾಡಳಿತವೇ ನಿಯಮ ಮಾಡಿದೆ. ಈಗ ಅದೇ ನಗರಾಡಳಿತ, ನೆಲದಡಿಯ ಅನಿಲ ಕೊಳವೆಯ ತಪಾಸಣೆಗೆಂದು ಮೂರು ಕಡೆ ಗುಂಡಿ ತೋಡಲು ವಿನಾಯಿತಿ ಕೊಟ್ಟಿದೆ. ‘ಸೋರಿಕೆಯಿಲ್ಲ, ವಾಸನೆಯಿಲ್ಲ, ದೂರಿಲ್ಲ. ಬರೀ ನೋಡುವುದಕ್ಕಾಗಿ ರಸ್ತೆ ಒಡೆಯಬೇಕೆ? ಅನುಮತಿ ರದ್ದು ಮಾಡಿಸಲು ಸಹಿ ಸಂಗ್ರಹಿಸುತ್ತಿದ್ದೇವೆ, ಪತ್ರಿಕೆ ನಮ್ಮ ಜೊತೆ ನಿಲ್ಲಲಿ’ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅನುಮತಿ ರದ್ದಾಗಬೇಕೆಂಬ ಬೇಡಿಕೆಗೆ ನಾನು ಸಹಿ ಹಾಕಲಾರೆ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಸೋರಿಕೆ ಶುರುವಾದ ಮೇಲೆ ನಡೆಯುವುದು ತಪಾಸಣೆಯಲ್ಲ, ತುರ್ತು ಕೆಲಸ. ಆಗ ಯಾರ ಅನುಮತಿಗೂ ಕಾಯುವಂತಿಲ್ಲ. 2010ರ ಸೆಪ್ಟೆಂಬರ್ 9ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ, ಮನೆಗಳ ನಡುವೆ ಹಾದುಹೋಗಿದ್ದ 30 ಇಂಚು ವ್ಯಾಸದ ಅನಿಲ ಕೊಳವೆ ಸಿಡಿಯಿತು. ಎಂಟು ಜನ ಸತ್ತರು, 38 ಮನೆಗಳು ನಾಶವಾದವು. ಅನಿಲದ ಹರಿವನ್ನು ನಿಲ್ಲಿಸುವುದಕ್ಕೇ 95 ನಿಮಿಷ ಹಿಡಿಯಿತು. ಆ ಭಾಗವನ್ನು ಹೂಳಿದ್ದು 1956ರಲ್ಲಿ. ಅಲ್ಲಿರುವುದು ಬೆಸುಗೆಯ ಗೆರೆಯೇ ಇಲ್ಲದ ಕೊಳವೆ ಎಂದು ಕಡತದಲ್ಲಿ ಬರೆದಿತ್ತು. ದುರಂತದ ನಂತರ ನೋಡಿದರೆ ಉದ್ದಕ್ಕೂ ಬೆಸುಗೆ ಹಾಕಿದ ತುಂಡುಗಳಿದ್ದವು, ಬೆಸುಗೆಯೂ ಪೂರ್ತಿ ಕೂಡಿರಲಿಲ್ಲ. ದುರಂತದವರೆಗೂ ಆ ಕಡತವನ್ನೇ ನಂಬಿದ್ದರು.

ತೈವಾನಿನ ಕಾವೋಸಿಯುಂಗ್ ನಗರದಲ್ಲಿ 2014ರ ಜುಲೈ 31ರ ರಾತ್ರಿ ಆದದ್ದು ಇನ್ನೊಂದು ಬಗೆ. ಪ್ರೊಪಿಲೀನ್ ಸಾಗಿಸುತ್ತಿದ್ದ ಬರೀ ನಾಲ್ಕು ಇಂಚಿನ ಕೊಳವೆಯೊಂದು ರಸ್ತೆಯಡಿಯ ಮಳೆನೀರಿನ ಕಾಲುವೆಯೊಳಗೆ ಹಾದುಹೋಗಿತ್ತು. ಸುತ್ತ ಮಣ್ಣಿಲ್ಲದೆ ತೇವದ ಗಾಳಿಗೆ ತೆರೆದುಕೊಂಡು ವರ್ಷಗಟ್ಟಲೆ ತುಕ್ಕು ಹಿಡಿದು ಸವೆದಿತ್ತು. ಸೋರಿದ ಅನಿಲ ಕಾಲುವೆಯುದ್ದಕ್ಕೂ ಹರಡಿ ಹೊತ್ತಿಕೊಂಡಿತು. ಕಿಲೋಮೀಟರುಗಟ್ಟಲೆ ರಸ್ತೆ ಸೀಳಿಹೋಗಿ 32 ಜನ ಸತ್ತರು. ಮೇಲೆ ಓಡಾಡುತ್ತಿದ್ದವರಿಗೆ ಹಿಂದಿನ ದಿನದವರೆಗೂ ಆ ರಸ್ತೆಯಲ್ಲಿ ಯಾವ ದೋಷವೂ ಕಂಡಿರಲಿಕ್ಕಿಲ್ಲ.

ಹೊಸ ಡಾಂಬರಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಬರೀ ಮಣ್ಣಿನಲ್ಲಿ ಸೋರಿದ ಅನಿಲ ಮೇಲಕ್ಕೆದ್ದು ಗಾಳಿಗೆ ಸೇರಿಹೋಗುತ್ತದೆ. ಬಿರುಕಿಲ್ಲದ ಡಾಂಬರು ಆ ದಾರಿಯನ್ನು ಮುಚ್ಚಿಬಿಡುತ್ತದೆ. ಆಗ ಅದು ಸಡಿಲ ಮಣ್ಣು, ಚರಂಡಿ, ಕೇಬಲ್ ನಾಳಗಳನ್ನು ಹಿಡಿದು ಪಕ್ಕಕ್ಕೆ ಸರಿದು ಮನೆಗಳ ನೆಲಮಾಳಿಗೆ ಸೇರಬಹುದು. ಹಾಗಾಗಿ ರಸ್ತೆ ಚೆನ್ನಾಗಿದೆ ಎಂಬುದು ಕೆಳಗಿನ ಕೊಳವೆಯನ್ನು ನೋಡದೆ ಬಿಡಲು ಕಾರಣವಾಗದು.

‘ಅಗೆಯದೆಯೇ ನೋಡಲಾಗದೇ?’ ಎಂದೂ ಕೇಳಿದ್ದೀರಿ. ಒಂದು ಹಂತದವರೆಗೆ ಆಗುತ್ತದೆ. ಉಕ್ಕಿನ ಕೊಳವೆಗೆ ತುಕ್ಕು ಹಿಡಿಯದಂತೆ ಹೊರಗೊಂದು ಲೇಪನ ಇರುತ್ತದೆ, ಜೊತೆಗೆ ಸಣ್ಣ ವಿದ್ಯುತ್ ಪ್ರವಾಹದ ರಕ್ಷಣೆಯನ್ನೂ ಕೊಟ್ಟಿರುತ್ತಾರೆ. ರಸ್ತೆಯ ಮೇಲೆ ಹೆಜ್ಜೆಹೆಜ್ಜೆಗೆ ವೋಲ್ಟೇಜ್ ಅಳೆಯುತ್ತ ನಡೆದರೆ ಲೇಪನ ಎಲ್ಲಿ ಕಿತ್ತಿದೆ, ರಕ್ಷಣೆ ಎಲ್ಲಿ ಸಾಲದಾಗಿದೆ ಎಂಬ ಸುಳಿವು ಸಿಗುತ್ತದೆ. ಅನಿಲದ ಒತ್ತಡದಲ್ಲೇ ಕೊಳವೆಯೊಳಗೆ ಸಾಗುತ್ತ ಗೋಡೆಯನ್ನು ಪರೀಕ್ಷಿಸುವ ಯಂತ್ರಗಳೂ ಇವೆ. ಆದರೆ ಹಳೆಯ ಕೊಳವೆಗಳಲ್ಲಿ ಕಡಿದಾದ ತಿರುವು, ನಡುನಡುವೆ ಬದಲಾಗುವ ವ್ಯಾಸ, ಅಡ್ಡ ಬರುವ ಕವಾಟ ಇದ್ದರೆ ಅವು ಹಾಯಲಾರವು. ಹಾಯ್ದರೂ ಅವು ಕೊಡುವುದು ಸಂಶಯದ ಜಾಗಗಳ ಪಟ್ಟಿಯನ್ನು. ಆ ಪಟ್ಟಿ ನಿಜವೇ ಎಂದು ತಿಳಿಯಲು ಕೆಲವು ಕಡೆಯಾದರೂ ಕಣ್ಣಾರೆ ನೋಡಬೇಕು. ನಿಮ್ಮ ಬೀದಿಯ ಮೂರು ಗುಂಡಿಗಳು ಇಂಥವೇ ಇರಬೇಕು. ಇಡೀ ಬೀದಿಯನ್ನು ಸೀಳದೆ ಮೂರು ಜಾಗವನ್ನಷ್ಟೇ ಗುರುತಿಸಿದ್ದಾರೆಂದರೆ ಮೇಲಿನಿಂದ ಮಾಡುವ ಪರೀಕ್ಷೆ ಮುಗಿದಿದೆ ಎಂದೇ ಊಹಿಸಬಹುದು.

ಗುಂಡಿಯೊಳಗೆ ನಡೆಯುವುದು ನಿಧಾನದ ಕೆಲಸ. ಕೊಳವೆಯ ಸುತ್ತ, ಅಡಿಯಲ್ಲೂ ಮಣ್ಣು ತೆಗೆದು ಒಬ್ಬರು ಬಗ್ಗಿ ಕೂರುವಷ್ಟು ಜಾಗ ಮಾಡುತ್ತಾರೆ. ಹಳೆಯ ಲೇಪನವನ್ನು ಕೆರೆದು ಲೋಹ ಹೊಳೆಯುವಂತೆ ಉಜ್ಜುತ್ತಾರೆ. ಅದರ ಮೇಲೆ ಚೌಕಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕಕ್ಕೂ ಜೆಲ್ ಸವರಿ ಅಲ್ಟ್ರಾಸೌಂಡ್ ಮಾಪಕ ಒತ್ತಿ, ಗೋಡೆಯ ದಪ್ಪವನ್ನು ಮಿಲಿಮೀಟರಿನ ಭಾಗಗಳಲ್ಲಿ ಬರೆದುಕೊಳ್ಳುತ್ತಾರೆ. ತುಕ್ಕು ತಿಂದ ಕುಳಿಗಳ ಆಳ ಅಳೆಯುತ್ತಾರೆ, ಬೆಸುಗೆಯಲ್ಲಿ ಬಿರುಕಿದೆಯೇ ನೋಡುತ್ತಾರೆ, ಹೊಸ ಲೇಪನ ಹಚ್ಚುತ್ತಾರೆ. ಈ ಅಂಕಿಗಳು ಬೇರೆ ಯಾವ ದಾರಿಯಲ್ಲೂ ಇಷ್ಟು ಖಚಿತವಾಗಿ ಸಿಗುವುದಿಲ್ಲ.

ಇನ್ನು ನಿಮ್ಮ ಸಿಟ್ಟಿನ ವಿಷಯ. ಅದು ತಲುಪಬೇಕಾದದ್ದು ಈ ಅನುಮತಿಗೆ ಸಹಿ ಹಾಕಿದವರಿಗಿಂತ, ಡಾಂಬರು ಹಾಕುವ ಮೊದಲು ಕೇಳದೆ ಬಿಟ್ಟವರಿಗೆ. ಇಂಥ ತಪಾಸಣೆ ಆಕಾಶದಿಂದ ಉದುರುವಂಥದಲ್ಲ. ಅಮೆರಿಕದಲ್ಲಿ ಜನವಸತಿ ದಟ್ಟವಾದ ಕಡೆ ಹಾಯುವ ಅನಿಲ ಸಾಗಣೆ ಕೊಳವೆಗಳನ್ನು ಏಳು ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷಿಸಬೇಕೆಂದು 2002ರ ಕಾನೂನು ಹೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಂಥ ನಗರದಲ್ಲಿ ಹೊಸ ರಸ್ತೆಯನ್ನು ಐದು ವರ್ಷ ಅಗೆಯದಂತೆ ತಡೆಯೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಡಾಂಬರು ಹಾಕುವ ವರ್ಷವೂ ಗೊತ್ತು, ತಪಾಸಣೆಯ ಗಡುವೂ ಗೊತ್ತು. ಎರಡು ಕಚೇರಿಗಳು ಒಂದು ದಿನ ಒಂದೇ ಮೇಜಿನ ಮುಂದೆ ಕೂತಿದ್ದರೆ ಮೊದಲು ಗುಂಡಿ, ಆಮೇಲೆ ಡಾಂಬರು ಆಗುತ್ತಿತ್ತು. ಈ ಒಂದು ಮಾತನ್ನು ನಿಮ್ಮ ಮನವಿಯಲ್ಲಿ ಎಷ್ಟು ಗಟ್ಟಿಯಾಗಿ ಬರೆದರೂ ಸರಿಯೇ.

ಜೊತೆಗೆ ನಿಮಗೆ ನಿಜವಾಗಿ ನಷ್ಟವಾಗುವುದು ಗುಂಡಿ ತೋಡಿದ್ದಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿದ ರೀತಿಯಿಂದ. ರಸ್ತೆಯನ್ನು ಕತ್ತರಿಸಿದಾಗ ಗುಂಡಿಯ ಅಂಚಿನ ಮಣ್ಣು ಪಕ್ಕದ ಆಸರೆ ಕಳೆದುಕೊಂಡು ಸಡಿಲವಾಗುತ್ತದೆ, ಸುತ್ತಲ ಸುಮಾರು ಒಂದು ಮೀಟರಿನಷ್ಟು ರಸ್ತೆ ದುರ್ಬಲವಾಗುತ್ತದೆ. ಅಗೆದ ಮಣ್ಣನ್ನೇ ಒಮ್ಮೆಗೇ ಸುರಿದು, ಮೇಲೊಂದಿಷ್ಟು ಡಾಂಬರು ಮೆತ್ತಿ ಹೋದರೆ, ಒಳಗಿನ ಮಣ್ಣು ವಾಹನಗಳ ಭಾರಕ್ಕೆ ಕುಸಿಯುತ್ತದೆ. ತೇಪೆ ತಗ್ಗಾಗುತ್ತದೆ, ತೇಪೆಯ ಅಂಚಿನಲ್ಲಿ ಬಾಯಿ ಬಿಡುತ್ತದೆ, ಅಲ್ಲಿಂದ ಮಳೆನೀರು ಇಳಿದು ಕೆಳಗಿನ ಜಲ್ಲಿಯ ಪದರವನ್ನೂ ಕೆಡಿಸುತ್ತದೆ. ಹತ್ತು ಹದಿನೈದು ವರ್ಷ ಬಾಳಬೇಕಾದ ರಸ್ತೆ ಹಾಳಾಗುವುದು ಹೀಗೆ.

ಸರಿಯಾಗಿ ಮುಚ್ಚುವ ವಿಧಾನ ಗುಟ್ಟಿನದೇನೂ ಅಲ್ಲ. 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಮಣ್ಣು ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡಿ, ಎಷ್ಟು ಬಿಗಿಯಾಯಿತೆಂದು ಅಳೆಯಬೇಕು. ಇಲ್ಲವೇ ಇಕ್ಕಟ್ಟಿನಲ್ಲೂ ತಾನೇ ಹರಿದು ತುಂಬಿಕೊಳ್ಳುವ ತೆಳು ಸಿಮೆಂಟ್ ಮಿಶ್ರಣ ಸುರಿಯಬಹುದು. ಅದಕ್ಕೆ ದಮ್ಮಸು ಬೇಡ, ಮುಂದೆ ಅಗೆಯಬೇಕಾದರೂ ಸುಲಭವಾಗಿ ಒಡೆಯುವಷ್ಟೇ ಗಟ್ಟಿ. ಮೇಲಿನ ಡಾಂಬರನ್ನು ಗುಂಡಿಯ ಅಳತೆಗಿಂತ ಅಗಲವಾಗಿ, ಗಟ್ಟಿ ನೆಲದ ಮೇಲೂ ಚಾಚಿಕೊಳ್ಳುವಂತೆ ಕತ್ತರಿಸಿ ಹಾಕಬೇಕು. ಸೇರುವ ಗೆರೆಗಳನ್ನು ಬಿಸಿ ಬಿಟುಮೆನ್‌ನಿಂದ ಮುಚ್ಚಬೇಕು. ಹೊಸ ರಸ್ತೆಯಾದರೆ ಚೌಕದ ತೇಪೆ ಸಾಲದು. ಆ ಭಾಗದಲ್ಲಿ ವಾಹನ ಸಾಗುವ ಇಡೀ ಪಥದ ಮೇಲ್ಪದರವನ್ನು ಕೆರೆದು ಮತ್ತೆ ಹಾಕಿಸುವ ಷರತ್ತನ್ನು ಅನೇಕ ನಗರಗಳು ಇಡುತ್ತವೆ. ರಸ್ತೆ ಹೊಸದಾದಷ್ಟೂ ಅಗೆತದ ಶುಲ್ಕವನ್ನು ಹೆಚ್ಚಿಸುವ ನಗರಗಳೂ ಇವೆ. ಸಣ್ಣ ಪರೀಕ್ಷೆ ಸಾಕಾದಲ್ಲಿ ಸುಮಾರು 45 ಸೆಂಟಿಮೀಟರ್ ಅಗಲದ ದುಂಡನೆಯ ಬಿಲ್ಲೆಯನ್ನು ಕೊರೆದು ತೆಗೆದು, ಮಣ್ಣನ್ನು ಗಾಳಿಯಿಂದ ಹೀರಿ, ಕೆಲಸ ಮುಗಿದ ಮೇಲೆ ಅದೇ ಬಿಲ್ಲೆಯನ್ನು ಅಂಟಿಸುವ ಪದ್ಧತಿಯೂ ಇದೆ. ಸುತ್ತಲೂ ದಪ್ಪ ಅಳೆಯಬೇಕಾದಾಗ ಮಾತ್ರ ಅದು ಒದಗದು.

ಆದ್ದರಿಂದ ಸಹಿ ಸಂಗ್ರಹ ನಿಲ್ಲಿಸಬೇಡಿ, ಬೇಡಿಕೆ ಬದಲಿಸಿ. ಅನುಮತಿ ಪತ್ರದ ಪ್ರತಿಯನ್ನು ಪಡೆಯಿರಿ. ಆ ಮೂರು ಜಾಗಗಳನ್ನೇ ಏಕೆ ಆರಿಸಿದರು, ಗುಂಡಿ ಎಷ್ಟು ದಿನ ತೆರೆದಿರುತ್ತದೆ, ದಮ್ಮಸಿನ ಪರೀಕ್ಷೆ ಯಾರು ಮಾಡುತ್ತಾರೆ, ತೇಪೆ ಕುಸಿದರೆ ಎಷ್ಟು ವರ್ಷದವರೆಗೆ ಕೊಳವೆಯವರೇ ಸರಿಪಡಿಸಬೇಕು, ಅದಕ್ಕೆ ಠೇವಣಿ ಇಟ್ಟಿದ್ದಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಇದರಲ್ಲಿ ಯಾವುದಕ್ಕಾದರೂ ಉತ್ತರವಿಲ್ಲದಿದ್ದರೆ, ಉತ್ತರ ಬರುವವರೆಗೆ ಕೆಲಸ ಮುಂದೂಡಿ ಎಂದು ಕೇಳುವ ಹಕ್ಕು ನಿಮಗಿದೆ. ಆ ಮನವಿಗೆ ಪತ್ರಿಕೆ ನಿಮ್ಮ ಜೊತೆ ಸಹಿ ಹಾಕುತ್ತದೆ.

ಕೊಳವೆ ತೆರೆದ ಮೇಲೆ ಗೋಡೆಯ ದಪ್ಪ ಎಷ್ಟು ಸಿಕ್ಕಿತು, ಹಾಕುವಾಗ ಎಷ್ಟಿತ್ತು ಎಂದೂ ಕೇಳಿ ಪಡೆಯಿರಿ. ಉತ್ತರ ಬಂದರೂ ಬರದಿದ್ದರೂ ನಮಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ