ಬಿಲ್ ಫ್ರಿಸೆಲ್ ಅವರ ಕಾರ್ಡ್‌ಗಳನ್ನೂ ಡಿಲೇ ಬಳಕೆಯನ್ನೂ ಮನೆಯಲ್ಲೇ ಕಲಿಯುವುದು ಹೇಗೆ?

ಜಾಝ್ ಗಿಟಾರ್ ಕಲಿಸುವವರು ಹತ್ತಿರದಲ್ಲಿ ಯಾರೂ ಸಿಗದ ಗೋಣಿಕೊಪ್ಪದಲ್ಲಿದ್ದುಕೊಂಡು, ಬಾರ್ ಕಾರ್ಡ್‌ಗಳಷ್ಟೇ (ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಕಾರ್ಡ್‌ಗಳು, ಅಂದರೆ ಸ್ವರಗುಚ್ಛಗಳು) ಗೊತ್ತಿರುವಾಗ, ಅಮೆರಿಕದ ಜಾಝ್ ಗಿಟಾರ್ ವಾದಕ ಬಿಲ್ ಫ್ರಿಸೆಲ್ ಅವರಂತೆ ನುಡಿಸಲು ಎಲ್ಲಿಂದ ಆರಂಭಿಸಬೇಕು, ಯಾವ ಡಿಲೇ ಪೆಡಲ್ (ನುಡಿಸಿದ್ದನ್ನು ಪ್ರತಿಧ್ವನಿಯಂತೆ ಮರುಕಳಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಕೊಳ್ಳಬೇಕು ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿ ಕಲಿತವನಾಗಿ ಹೇಳುತ್ತೇನೆ: ಪೆಡಲ್ ಖರೀದಿಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ನಾವು ಯಂತ್ರದ ಕರಾಮತ್ತು ಎಂದುಕೊಳ್ಳುವುದರಲ್ಲಿ ಹೆಚ್ಚಿನದು ಅವರ ಎಡಗೈಯ ಕೆಲಸ.

ಫ್ರಿಸೆಲ್ ಬಾಲ್ಯದಲ್ಲಿ ಡೆನ್ವರ್‌ನಲ್ಲಿ ಕ್ಲಾರಿನೆಟ್ ಕಲಿತವರು; ಮುಂದೆ ಜಾಝ್ ಗಿಟಾರ್ ವಾದಕ ಜಿಮ್ ಹಾಲ್ ಅವರ ಬಳಿ ಪಾಠ ಹೇಳಿಸಿಕೊಂಡವರು. ಆರು ತಂತಿಗಳನ್ನೂ ತುಂಬಿಸಲೇಬೇಕೆಂಬ ಹಟ ಅವರಲ್ಲಿ ಇಲ್ಲದಿರುವುದಕ್ಕೆ ಈ ಎರಡೂ ಕಾರಣವಿರಬೇಕು ಎಂಬುದು ನನ್ನ ಅನಿಸಿಕೆ. ಡ್ರಮ್ ವಾದಕ ಪಾಲ್ ಮೋಷಿಯನ್ ಮತ್ತು ಸ್ಯಾಕ್ಸೋಫೋನ್ ವಾದಕ ಜೋ ಲವಾನೊ ಅವರೊಂದಿಗಿನ ತ್ರಿವಳಿಯಲ್ಲಿ ಕೆಳಗಿನ ಸ್ವರಗಳನ್ನು ನುಡಿಸುವ ಬೇಸ್ ವಾದಕರೇ ಇರಲಿಲ್ಲ, ಆದರೂ ಅವರು ಮೂಲಸ್ವರವನ್ನು ಬಿಟ್ಟು ಎರಡು ಮೂರು ಸ್ವರಗಳಲ್ಲೇ ಕಾರ್ಡನ್ನು ಸೂಚಿಸಿ ಸುಮ್ಮನಾಗುವುದನ್ನು ಗಮನಿಸಿ ಕೇಳಿ.

ಇದನ್ನು ಹೀಗೆ ಅಭ್ಯಾಸ ಮಾಡಬಹುದು. (ಅತಿ ತೆಳುವಾದದ್ದು ಮೊದಲನೆಯ ತಂತಿ; ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ.) ನಾಲ್ಕನೇ ತಂತಿಯ 3ನೇ ಫ್ರೆಟ್ ಮತ್ತು ಮೂರನೇ ತಂತಿಯ 5ನೇ ಫ್ರೆಟ್ ಹಿಡಿದರೆ ಎಫ್ ಮತ್ತು ಸಿ ಸಿಗುತ್ತವೆ. ಡಿ ಮೈನರ್ ಸೆವೆಂತ್ ಎಂಬ ಕಾರ್ಡನ್ನು ಸೂಚಿಸಲು ಅಷ್ಟು ಸಾಕು, ಮೂಲಸ್ವರವಾದ ಡಿ ಬೇಕಿಲ್ಲ. ಮೂರನೇ ತಂತಿಯ ಬೆರಳನ್ನು ಮಾತ್ರ 4ನೇ ಫ್ರೆಟ್‌ಗೆ ಇಳಿಸಿದರೆ ಜಿ ಸೆವೆಂತ್ ಆಯಿತು. ಆಮೇಲೆ ನಾಲ್ಕನೇ ತಂತಿಯ ಬೆರಳನ್ನು 2ನೇ ಫ್ರೆಟ್‌ಗೆ ಇಳಿಸಿದರೆ ಸಿ ಮೇಜರ್ ಸೆವೆಂತ್. ಪ್ರತಿ ಬಾರಿಯೂ ಒಂದೇ ಬೆರಳು ಒಂದೇ ಫ್ರೆಟ್‌ನಷ್ಟು ಸರಿಯುತ್ತದೆ. ಈಗ ತೆರೆದ ತಂತಿಗಳನ್ನು ಸೇರಿಸಿ. ನಾಲ್ಕನೇ ಮತ್ತು ಮೂರನೇ ತಂತಿಗಳನ್ನು 5ನೇ ಫ್ರೆಟ್‌ನಲ್ಲಿ ಒಂದೇ ಬೆರಳಿನಿಂದ ಒತ್ತಿ, ಎರಡನೆಯ ಮತ್ತು ಮೊದಲನೆಯ ತಂತಿಗಳನ್ನು ತೆರೆದೇ ಬಿಟ್ಟು, ನಾಲ್ಕನ್ನೂ ಒಂದೊಂದಾಗಿ ಮೀಟಿದರೆ ಜಿ, ಸಿ, ಬಿ, ಇ ಕೇಳಿಸುತ್ತವೆ. ಹೆಸರಿಗೆ ಇದೂ ಸಿ ಮೇಜರ್ ಸೆವೆಂತ್ ಕಾರ್ಡೇ. ಆದರೆ ಒಂದು ಫ್ರೆಟ್‌ನಷ್ಟೇ ಅಂತರವಿರುವ ಸಿ ಮತ್ತು ಬಿ ಅಕ್ಕಪಕ್ಕದಲ್ಲಿ ಉಜ್ಜಿಕೊಂಡು ಮೊಳಗುವುದರಿಂದ ಬಾರ್ ಕಾರ್ಡ್‌ಗಿಲ್ಲದ ಮಿನುಗು ಬರುತ್ತದೆ. ಬೆರಳನ್ನು ಅದೇ ಆಕಾರದಲ್ಲಿ 7ನೇ ಫ್ರೆಟ್‌ಗೆ ಸರಿಸಿ ನೋಡಿ, ಬಣ್ಣವೇ ಬದಲಾಗುತ್ತದೆ. ಮೀಟಿದ ತಂತಿ ತಾನಾಗಿ ಆರುವವರೆಗೆ ಬೆರಳೆತ್ತಬಾರದು. ಗಿಟಾರಿನ ಕತ್ತನ್ನೇ ತುಸು ತಳ್ಳಿ ಶ್ರುತಿಯನ್ನು ನಡುಗಿಸುವ ಅವರ ಅಭ್ಯಾಸವೂ ಪ್ರಸಿದ್ಧ. ಅಜ್ಜನ ಕಾಲದ ಗಿಟಾರಿದ್ದರೆ ಅದರ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಇನ್ನು ಪೆಡಲ್‌ಗಳ ವಿಷಯ. ಆರಂಭದ ವರ್ಷಗಳಲ್ಲಿ ಅವರು ಕಾಲಿನಿಂದ ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಪೆಡಲ್‌ನಿಂದ ಮೀಟಿನ ಸದ್ದನ್ನು ಮರೆಮಾಚಿ, ಸ್ವರ ಮಾತ್ರ ಉಬ್ಬಿ ಬರುವಂತೆ ನುಡಿಸುತ್ತಿದ್ದರು. ಇದನ್ನು ಡಿಲೇಗಿಂತ ಮೊದಲು ಜೋಡಿಸಬೇಕು. ಆಗ ಕಾಲು ಹಿಂದಕ್ಕೆ ತೆಗೆದ ಮೇಲೂ ಪ್ರತಿಧ್ವನಿ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಹಿಂದುಮುಂದಾಗಿ ಜೋಡಿಸಿದರೆ ಪ್ರತಿಧ್ವನಿಯೂ ಕಾಲಿನೊಂದಿಗೇ ಮುಚ್ಚಿಹೋಗುತ್ತದೆ. ಡಿಲೇಯಲ್ಲಿ ಅವರ ಹೆಸರಿನೊಂದಿಗೆ ಕೇಳಿಬರುವುದು ಎಲೆಕ್ಟ್ರೋ ಹಾರ್ಮೋನಿಕ್ಸ್ ಕಂಪನಿಯ 16 ಸೆಕೆಂಡ್ ಡಿಲೇ. ನಂತರದ ದಿನಗಳಲ್ಲಿ ಲೈನ್ 6 ಕಂಪನಿಯ ಡಿಎಲ್4. ಎರಡರಲ್ಲೂ ಅವರಿಗೆ ಬೇಕಾದದ್ದು ನುಡಿಸಿದ ತುಣುಕನ್ನು ಹಿಡಿದಿಟ್ಟು ಸುತ್ತುವ ಲೂಪ್ ಸೌಲಭ್ಯ. ಹಿಡಿದ ತುಣುಕಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ಒಂದು ಸ್ಥಾಯಿ ಕೆಳಗೆ, ಎರಡರಷ್ಟು ಉದ್ದವಾಗಿ ಕೇಳುತ್ತದೆ. ತಿರುಗಿಸಿದರೆ ಹಿಂದಿನಿಂದ ಮುಂದಕ್ಕೆ ನುಡಿಯುತ್ತದೆ. ಸಾಮಾನ್ಯ ಡಿಲೇಯನ್ನು ನಾವು ತಾಳಕ್ಕೆ ಕಟ್ಟುತ್ತೇವೆ, ಅಂದರೆ ನಿಮಿಷಕ್ಕೆ 80 ಬಡಿತದ ಲಯಕ್ಕೆ 750 ಮಿಲಿಸೆಕೆಂಡ್ ಇಡುತ್ತೇವೆ. ಇಲ್ಲಿ ಲೂಪ್ ತಾಳಕ್ಕೆ ಕೂಡದೇ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದನ್ನು ಎದುರು ಕುಳಿತ ಇನ್ನೊಬ್ಬ ವಾದಕನೆಂದು ತಿಳಿದು ಉತ್ತರ ಕೊಡುತ್ತಾ ಹೋಗಬೇಕು. ಎರಡೇ ಸ್ವರಗಳನ್ನು ಹಿಡಿದಿಡಿ, ವೇಗ ಇಳಿಸಿ, ಅದು ಬಿಟ್ಟ ಜಾಗದಲ್ಲಿ ಮಾತ್ರ ನುಡಿಸಿ, ಬೇಸರ ಬರುವ ಮೊದಲೇ ನಿಲ್ಲಿಸಿ.

ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಮೇಲೆ ಹೇಳಿದ ಎಡಗೈಯ ಪಾಠಕ್ಕೆ ಆ ಹೊತ್ತೇ ಸಾಕು. ಜೂನ್‌ನಿಂದ ತಂತಿಗಳಿಗೆ ಬೇಗ ತುಕ್ಕು ಹಿಡಿಯುವುದರಿಂದ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಾಧ್ಯವಾದರೆ ಲೇಪನವಿರುವ ತಂತಿಗಳನ್ನೇ ಹಾಕಿಸಿ. ಕೊಳ್ಳುವ ಸಮಯ ಬಂದಾಗ ಮೊದಲು ವಾಲ್ಯೂಮ್ ಪೆಡಲ್, ನಂತರ ಅರ್ಧ ವೇಗ ಮತ್ತು ಹಿಮ್ಮುಖ ಚಲನೆ ಎರಡೂ ಇರುವ ಯಾವುದಾದರೂ ಲೂಪರ್ (ಲೂಪ್ ಮಾಡುವ ಪೆಡಲ್) ತೆಗೆದುಕೊಳ್ಳಿ. ಬ್ರ್ಯಾಂಡ್ ಯಾವುದಾದರೂ ನಡೆಯುತ್ತದೆ.