ಕೇಳಿ ಲೆಕ್ಕಿಗರನ್ನ: ತಿಥಿಗೆ ಎಷ್ಟು ಎಲೆ ಹಾಕಬೇಕು?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಮದುವೆ, ತಿಥಿ, ಗಣೇಶನ ಹಬ್ಬದ್ದೇ. ಜಮೀನಿನ ಪೋಡಿ, ಪಹಣಿ ತಿದ್ದುಪಡಿ ಅಂತ ಬರೆದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಪಹಣಿ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಸಾರ್, ಹೋದ ವರ್ಷ ನಮ್ಮ ಅಪ್ಪನ ತಿಥಿಗೆ ಎಂಟುನೂರು ಜನಕ್ಕೆ ಬಾಡೂಟ ಹಾಕಿದೆವು. ಕೈಸಾಲ 2 ಲಕ್ಷ 80 ಸಾವಿರ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಇನ್ನೂ ಅಸಲು ಮುಟ್ಟಿಲ್ಲ. ಈಗ ವರ್ಷದ ಕಾರ್ಯ ಬರ್ತಿದೆ. ಅಣ್ಣಂದಿರು ಮತ್ತೆ ಅಷ್ಟೇ ದೊಡ್ಡದಾಗಿ ಮಾಡೋಣ ಅಂತಿದ್ದಾರೆ. ಸರ್ಕಾರ ಇದಕ್ಕೆ ಒಂದು ಮಿತಿ ಹಾಕಬಾರದಾ?
— ಹೆಸರು ಬೇಡ, ಗುಬ್ಬಿ ತಾಲ್ಲೂಕು

ಉತ್ತರ: ಮೊದಲು ಲೆಕ್ಕ. ನೂರಕ್ಕೆ ಮೂರು ಅಂದರೆ ತಿಂಗಳಿಗೆ 8,400 ರೂಪಾಯಿ. ವರ್ಷಕ್ಕೆ 1 ಲಕ್ಷದ 800. ಅಪ್ಪನ ಹೆಸರಲ್ಲಿ ವರ್ಷಾ ವರ್ಷಾ ಒಂದು ಲಕ್ಷ ಬಡ್ಡಿಯವನ ಮನೆಗೆ ಹೋಗುತ್ತಿದೆ. ಈ ಚೀಟಿ ಬರೆದು ಅಣ್ಣಂದಿರ ಮುಂದೆ ಇಡಿ, ಮಾತಾಡಬೇಡಿ.

ಕರ್ನಾಟಕದಲ್ಲಿ ತಿಥಿ ಊಟಕ್ಕೆ ಇಷ್ಟೇ ಜನ ಅಂತ ಕಾನೂನಿಲ್ಲ. ಆದರೆ ರಾಜಸ್ಥಾನದಲ್ಲಿದೆ, ಅದೂ 1960ರಿಂದ. ‘ಮೃತ್ಯು ಭೋಜ’ ತಡೆ ಕಾಯ್ದೆ ಅಂತ. ಸತ್ತವರ ಹೆಸರಲ್ಲಿ ಯಾವ ದಿನ ಮಾಡಿದರೂ ದೊಡ್ಡ ಊಟ ಅಪರಾಧ. ಮನೆಯವರು, ಪುರೋಹಿತರು, ಫಕೀರರು ಸೇರಿ ನೂರು ಜನರ ತನಕ ಬಿಟ್ಟಿದ್ದಾರೆ. ಅದು ದಾಟಿದರೆ ಒಂದು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಇಂಥ ಊಟಕ್ಕೆ ಸಾಲ ಕೊಡುವುದನ್ನೂ ಆ ಕಾಯ್ದೆ ತಡೆಯುತ್ತದೆ. ನನಗೆ ನಗು ಬಂದದ್ದು ಇನ್ನೊಂದು ಕಲಮಿಗೆ. ಊರಲ್ಲಿ ಇಂಥ ಊಟ ನಡೆಯುತ್ತಿದೆ ಅಂತ ಸರಪಂಚ, ಪಟವಾರಿ ಮೇಲಿನವರಿಗೆ ತಿಳಿಸಬೇಕು, ತಿಳಿಸದಿದ್ದರೆ ಅವರಿಗೂ ಶಿಕ್ಷೆ! ಪಟವಾರಿ ಅಂದರೆ ನಮ್ಮಲ್ಲಿ ಹಿಂದೆ ಗ್ರಾಮ ಲೆಕ್ಕಿಗ ಅಂತಿದ್ದ ಹುದ್ದೆ. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಅದೇ ಕೆಲಸ. ನನ್ನ ಸರ್ಕಲ್ಲಿನ ತಿಥಿಗಳಿಗೆಲ್ಲ ಹೋಗಿ ಮೊದಲ ಪಂಕ್ತಿಯಲ್ಲೇ ಕೂತು ಉಂಡಿದ್ದೇನೆ. ಅಲ್ಲಿದ್ದಿದ್ದರೆ ನನ್ನ ಪಿಂಚಣಿ ಗೋವಿಂದ.

ಇಷ್ಟಾದರೂ ಅಲ್ಲಿ ಊಟ ನಿಂತುಬಿಟ್ಟಿದೆ ಅಂತ ತಿಳಿಯಬೇಡಿ. ಉಣ್ಣುವವನೇ ಸಾಕ್ಷಿ ಹೇಳಬೇಕಾದ ಕೇಸು ಎಲ್ಲಿ ನಿಲ್ಲುತ್ತೆ?

ಹಾಗಾದರೆ ಕಾನೂನು ವ್ಯರ್ಥವಾ? ನಾನು ಹಾಗೂ ಅನ್ನುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. 1987ರಲ್ಲಿ ನಮ್ಮಪ್ಪ ಹೋದಾಗ ಮನೆಯಲ್ಲಿದ್ದದ್ದು ಒಂದು ಜೊತೆ ಎತ್ತು. ಹಾಲು-ತುಪ್ಪ ಮುಗಿದ ದಿನ ದೊಡ್ಡಪ್ಪ ಜಗಲಿ ಮೇಲೆ ಕೂತು, ‘ಊರಲ್ಲೆಲ್ಲ ಉಂಡವನು, ಊರಿಗೆಲ್ಲ ಹಾಕದೆ ಕಳಿಸ್ತೀರಾ?’ ಅಂದರು. ಅಷ್ಟೇ. ಮಾರನೇ ದಿನ ದಲ್ಲಾಳಿ ಬಂದ. ಅಮ್ಮ ಎತ್ತಿನ ಕುತ್ತಿಗೆಯ ಗಂಟೆ ಬಿಚ್ಚಿಕೊಂಡಳು. ಗಂಟೆ ಸೇರಿಸಿಯೇ ರೇಟು ಹೇಳಿದ್ದು ಅಂತ ಅವನು ತಕರಾರು ತೆಗೆದ. ಅಮ್ಮ ಮಾತಾಡದೆ ಗಂಟೆಯನ್ನ ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಆ ಮುಂಗಾರಿಗೆ ಬಾಡಿಗೆ ಎತ್ತು ತಂದು ಉತ್ತೆವು. ಉಂಡು ಹೋದವರಲ್ಲಿ ಒಬ್ಬರು ಕೈ ತೊಳೆಯುತ್ತಾ ‘ಉಪ್ಪು ಒಂಚೂರು ಮುಂದಾಗಿತ್ತು’ ಅಂದದ್ದು ಇವತ್ತಿಗೂ ನೆನಪಿದೆ.

ಅವತ್ತು ನಮಗೆ ಬೇಕಾಗಿದ್ದದ್ದು ದುಡ್ಡಲ್ಲ, ಒಂದು ನೆಪ. ‘ಬೇಡ’ ಅನ್ನೋಕೆ ನಮಗೆ ಬಾಯಿರಲಿಲ್ಲ. ನಮ್ಮ ಪರವಾಗಿ ಬೇರೆ ಯಾರಾದರೂ ‘ಬೇಡ’ ಅನ್ನಬೇಕಿತ್ತು. ಇದು ನನಗೆ ಸರಿಯಾಗಿ ಅರ್ಥವಾದದ್ದು 2020ರಲ್ಲಿ. ಕೊರೊನಾ ಕಾಲಕ್ಕೆ ಮದುವೆಗೆ 50, ಅಂತ್ಯಕ್ರಿಯೆಗೆ 20 ಜನ ಅಂತ ಕೇಂದ್ರ ಹೇಳಿತ್ತು ನೋಡಿ, ಆಗ ನಮ್ಮ ಬೀದಿಯ ಒಬ್ಬರು ತಾಯಿಯ ತಿಥಿಯನ್ನ ಹದಿನೆಂಟು ಎಲೆಗೆ ಮುಗಿಸಿದರು. ‘ಸರ್ಕಾರವೇ ಬೇಡ ಅಂದಿದೆ, ಏನು ಮಾಡೋದು ಸ್ವಾಮಿ’ ಅಂತ ಎಲ್ಲರಿಗೂ ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದರು. ನನ್ನ ಹತ್ತಿರ ಮಾತ್ರ, ಗೇಟು ಹಾಕಿಕೊಂಡು, ‘ಉಳಕೊಂಡೆ ಸಾರ್’ ಅಂದರು.

ನಿಮಗೆ ಈಗ ಸರ್ಕಾರದ ನೆಪ ಇಲ್ಲ. ಸಾಲದ ನೆಪ ಇದೆ, ಅದನ್ನೇ ಬಳಸಿ. ವರ್ಷದ ಕಾರ್ಯಕ್ಕೆ ಎಡೆ ಇಡಿ, ಅಪ್ಪನಿಗೆ ಇಷ್ಟವಾದದ್ದು ಮಾಡಿ, ಅಕ್ಕ-ತಂಗಿಯರನ್ನ ಕರೆಯಿರಿ. ಇನ್ನು ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇಕಡ 36. ಅತಿ ಬಡ್ಡಿ ವಸೂಲಿ ತಡೆಯಲು ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಬಡ್ಡಿ ವ್ಯಾಪಾರಕ್ಕೆ ಲೈಸೆನ್ಸೂ ಬೇಕು. ಸಾಲ ಕೊಟ್ಟವರ ಹತ್ತಿರ ಕೂತು ಬಡ್ಡಿ ಇಳಿಸುವ ಮಾತಾಡುವಾಗ ಈ ಎರಡು ವಿಷಯ ನಿಮಗೆ ಗೊತ್ತಿದೆ ಅನ್ನುವುದು ಅವರಿಗೂ ಗೊತ್ತಾಗಲಿ.

ಪ್ರಶ್ನೆ: ಮದುವೆಗೆ ಇಂತಿಷ್ಟೇ ಜನ, ಇಂತಿಷ್ಟೇ ಐಟಂ ಅಂತ ನಮ್ಮ ದೇಶದಲ್ಲಿ ಎಲ್ಲಾದರೂ ರೂಲ್ಸ್ ಇದೆಯಾ? ಗೆಳೆಯನ ಜೊತೆ ಬೆಟ್ ಕಟ್ಟಿದ್ದೇನೆ.
— ಕಾಲೇಜು ಹುಡುಗ, ಹಾಸನ

ಉತ್ತರ: ಬೆಟ್ ಎಷ್ಟಕ್ಕೆ ಅಂತ ಬರೆದಿಲ್ಲವಲ್ಲ ತಮ್ಮಾ. 2017ರಲ್ಲಿ ಜಮ್ಮು-ಕಾಶ್ಮೀರ ಸರ್ಕಾರ ಇಂಥದೊಂದು ಆದೇಶ ಹೊರಡಿಸಿತ್ತು, ಏಪ್ರಿಲ್ 1ರಿಂದ ಜಾರಿ ಅಂತ. ಮಗಳ ಮದುವೆಗೆ 500 ಜನ, ಮಗನ ಮದುವೆಗೆ 400, ನಿಶ್ಚಿತಾರ್ಥದಂಥ ಸಣ್ಣ ಕಾರ್ಯಕ್ಕೆ 100. ಸಸ್ಯಾಹಾರ ಏಳು ಬಗೆ, ಮಾಂಸಾಹಾರ ಏಳು ಬಗೆ. ಆಮಂತ್ರಣದ ಜೊತೆ ಒಣಹಣ್ಣು, ಸಿಹಿ ಹಂಚುವಂತಿಲ್ಲ. ಅಲ್ಲಿನ ವಾಜ್ವಾನ್ ಊಟದ ಬಗೆಗಳನ್ನ ಕೇಳಿದವರಿಗೆ ಗೊತ್ತು, ಏಳಕ್ಕೆ ನಿಲ್ಲಿಸುವುದು ಎಷ್ಟು ಕಷ್ಟ ಅಂತ.

ಸಂಸತ್ತಿನಲ್ಲೂ ಒಂದು ಪ್ರಯತ್ನ ಆಗಿತ್ತು. ಆಗ ಬಿಹಾರದ ಸಂಸದೆಯಾಗಿದ್ದ ರಂಜಿತ್ ರಂಜನ್ 2016ರ ಖಾಸಗಿ ಮಸೂದೆಯಲ್ಲಿ, ಮದುವೆಗೆ 5 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವವರು ಅದರ ಶೇಕಡ 10ರಷ್ಟನ್ನ ಬಡ ಹೆಣ್ಣುಮಕ್ಕಳ ಮದುವೆಗೆ ಕೊಡಬೇಕು ಅಂದಿದ್ದರು. ಅದು ಕಾನೂನಾಗಲಿಲ್ಲ. ನಮ್ಮಲ್ಲೂ ಟಿ.ಬಿ. ಜಯಚಂದ್ರ ಕಾನೂನು ಸಚಿವರಾಗಿದ್ದಾಗ ಆಡಂಬರದ ಮದುವೆಗೆ ತೆರಿಗೆ ಹಾಕುವ ಮಾತು ಬಂದಿತ್ತು. ಮಾತಿಗೇ ಮುಗಿಯಿತು. ಆ ತೆರಿಗೆ ಬಂದಿದ್ದರೆ ಊಟದ ಹಾಲ್ ಬಾಗಿಲಲ್ಲಿ ತಲೆ ಎಣಿಸಲು ನಮ್ಮಂಥ ಲೆಕ್ಕಿಗರನ್ನೇ ನಿಲ್ಲಿಸುತ್ತಿದ್ದರು ಅನ್ನುವುದು ನನ್ನ ಅನುಮಾನ. ಇಂಥ ರೂಲ್ಸ್ ಬಂದಿತ್ತು ಅಂತ ಕಟ್ಟಿದ್ದರೆ ಬೆಟ್ ಗೆದ್ದಿರಿ ಅಂತ ತಿಳಿಯಿರಿ.

ಪ್ರಶ್ನೆ: ನಮ್ಮ ಮನೆ ಪಕ್ಕ ಛತ್ರ. ಲಗ್ನದ ಕಾಲದಲ್ಲಿ ರಾತ್ರಿ ಹನ್ನೆರಡಾದರೂ ಡಿಜೆ. ಮಾವನವರಿಗೆ ಎದೆನೋವಿನ ಕಾಯಿಲೆ, ಕಿಟಕಿ ಗಾಜು ಅದುರುತ್ತೆ. ಕೇಳಿದರೆ ‘ಮುಚ್ಚಿದ ಹಾಲ್ ಒಳಗೆ ಹಾಕಿದ್ದೀವಿ, ರೂಲ್ಸ್ ಅಡ್ಡ ಬರಲ್ಲ’ ಅಂತಾರೆ. ನಿಜವಾ?
— ಗೃಹಿಣಿ, ದಾವಣಗೆರೆ

ಉತ್ತರ: ಅರ್ಧ ನಿಜ ತಾಯೀ. ಆ ಅರ್ಧವನ್ನೇ ಅವರು ಬಾಯಿಪಾಠ ಮಾಡಿಕೊಂಡಿದ್ದಾರೆ.

ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಸಭಾಂಗಣ, ಔತಣದ ಹಾಲ್‌ನಂಥ ಮುಚ್ಚಿದ ಜಾಗದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಛತ್ರದವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದನ್ನ ನೀವು ಓದಿ ಹೇಳಿ: ಖಾಸಗಿ ಜಾಗದ ಗಡಿಯಲ್ಲಿ, ಅಂದರೆ ಅವರ ಕಾಂಪೌಂಡಿನ ಹತ್ತಿರ, ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್ ಮೇಲೆ ಹೋಗುವಂತಿಲ್ಲ. ಜನ ವಾಸ ಮಾಡುವ ಕಡೆ ಮಿತಿ ಹಗಲು 55, ರಾತ್ರಿ 45. ಅಲ್ಲಿಗೆ ರಾತ್ರಿ 50 ದಾಟಬಾರದು. ಎದುರುಬದುರು ಕೂತು ಇಬ್ಬರು ಮಾತಾಡಿದರೇ ಸುಮಾರು 60 ಆಗುತ್ತೆ. ನಿಮ್ಮ ಕಿಟಕಿ ಅದುರುತ್ತಿದ್ದರೆ ಅದು ಎಷ್ಟಿರಬಹುದು ನೋಡಿ. ಅದೂ ಅಲ್ಲದೆ ಎಲ್ಲ ಬಾಗಿಲು ತೆರೆದಿಟ್ಟ ಹಾಲ್ ‘ಮುಚ್ಚಿದ್ದು’ ಹೇಗಾಗುತ್ತೆ? ಬಾಗಿಲು ತೆರೆದಿದೆ ಅನ್ನುವುದು ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿ, ಟೈಮು ಕಾಣಲಿ.

‘ಹಬ್ಬಕ್ಕೆ ಹನ್ನೆರಡರ ತನಕ ಪರ್ಮಿಷನ್ ಇದೆ’ ಅಂತಲೂ ಕೆಲವರು ಹೇಳುತ್ತಾರೆ. ಅದು ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ಕೊಡಬಹುದಾದ ರಿಯಾಯಿತಿ. ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ಯಾರದೋ ಮನೆಯ ರಿಸೆಪ್ಷನ್ ಆ ಪಟ್ಟಿಯಲ್ಲಿ ಬರಲ್ಲ. ಆಸ್ಪತ್ರೆ, ಶಾಲೆ, ಕೋರ್ಟು ಸುತ್ತ 100 ಮೀಟರ್ ತನಕ ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿದ್ದರೆ ಅಲ್ಲಿ ಇನ್ನೂ ಬಿಗಿ.

ರಾತ್ರಿ 112ಕ್ಕೆ ಫೋನ್ ಮಾಡಿ. ಬೀಟ್ ಪೊಲೀಸರು ಬಂದಾಗ ಸದ್ದು ತಗ್ಗುತ್ತೆ, ಹೋದ ಮೇಲೆ ಏರುತ್ತೆ, ಅದು ನನಗೂ ಗೊತ್ತು. ಅದಕ್ಕೇ ಬೆಳಗ್ಗೆ ಠಾಣೆಗೂ ನಗರಪಾಲಿಕೆಗೂ ಒಂದೊಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಇರಲಿ. ಸೀಲ್ ಬಿದ್ದ ಕಾಗದಕ್ಕೆ ಕಚೇರಿಯಲ್ಲಿ ಬೇರೆಯೇ ತೂಕ. ನಾನು ಆ ಕಡೆಯ ಕುರ್ಚಿಯಲ್ಲಿ ಕೂತವನು, ನನ್ನ ಮಾತು ನಂಬಿ.

ಪ್ರಶ್ನೆ: ಲಗ್ನಪತ್ರಿಕೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಡಲ್ಲ ಅಂತಾರೆ ಪ್ರೆಸ್‌ನವರು. ಕಾಸು ಉಳಿಸೋಕೆ ಸುಳ್ಳು ಹೇಳ್ತಿದಾರಾ?
— ಮದುಮಗನ ಸೋದರಮಾವ, ಕೊಪ್ಪಳ

ಉತ್ತರ: ಸುಳ್ಳಲ್ಲ ಮಾವನವರೇ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೂ ಸಿಹಿ ಡಬ್ಬಿಗೂ ಸುತ್ತುವ ತೆಳು ಪ್ಲಾಸ್ಟಿಕ್ ಇದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚವೂ ಇವೆ. ಗಂಡು-ಹೆಣ್ಣಿನ ಹೆಸರು ಕತ್ತರಿಸಿ ಮಂಟಪದ ಹಿಂದೆ ಅಂಟಿಸುವ ಅಲಂಕಾರದ ಥರ್ಮಾಕೋಲೂ ಇದೆ. ಇನ್ನು ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್‌ಗಳು: ನಮ್ಮ ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲೇ ಅವು ಸೇರಿವೆ. ಆದರೂ ಸತ್ತವರು ವೃತ್ತದಲ್ಲಿ ಕೈಮುಗಿದುಕೊಂಡು ಆರು ತಿಂಗಳು ನಿಂತಿರುತ್ತಾರೆ. ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ಹಾಗೇ ಕೊಡಿ, ಸಾಕು.

ಪ್ರಶ್ನೆ: ನಾವಿಬ್ಬರೂ ಸರಳವಾಗಿ ಮದುವೆ ಆಗಬೇಕು ಅಂತಿದ್ದೇವೆ. ಮನೆಯವರಿಗೆ ‘ಕದ್ದು ಮದುವೆಯಾದರು’ ಅನ್ನಿಸಿಕೊಳ್ಳುವ ಭಯ. ಮರ್ಯಾದೆಯಾಗಿ ಆಗುವ ದಾರಿ ಯಾವುದು?
— ಶಾಲಾ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಜಿಲ್ಲೆಯವರೇ ದಾರಿ ಹಾಕಿಕೊಟ್ಟಿದ್ದಾರೆ. ಕುವೆಂಪು ತಮ್ಮ ಮಗನಿಗೆ 1966ರಲ್ಲಿ ಮಂತ್ರ ಮಾಂಗಲ್ಯದ ಪ್ರಕಾರ ಮದುವೆ ಮಾಡಿಸಿದರು. ಮುಹೂರ್ತ ಇಲ್ಲ, ವಾಲಗ ಇಲ್ಲ. ಗಂಡು-ಹೆಣ್ಣು ಪ್ರತಿಜ್ಞೆ ಓದುತ್ತಾರೆ, ಹಾರ ಬದಲಿಸುತ್ತಾರೆ. ನಾನು ಹೋಗಿದ್ದ ಅಂಥ ಒಂದು ಮದುವೆ ನಲವತ್ತು ನಿಮಿಷಕ್ಕೆ ಮುಗಿಯಿತು. ತಡವಾಗಿ ಬಂದ ಹುಡುಗನ ಚಿಕ್ಕಮ್ಮ ‘ಇನ್ನೂ ಶುರು ಆಗಿಲ್ಲವಾ’ ಅಂತ ಕೇಳಿದರು.

ಶಾಸ್ತ್ರವೂ ಇರಲಿ, ಖರ್ಚು ಬೇಡ ಅಂದರೆ ಸಾಮೂಹಿಕ ವಿವಾಹ ಇದೆ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿದೆ. ಮುಜರಾಯಿ ಇಲಾಖೆ ದೊಡ್ಡ ದೇವಸ್ಥಾನಗಳಲ್ಲಿ ‘ಸಪ್ತಪದಿ’ ಅಂತ ಶುರು ಮಾಡಿದಾಗ ಹೆಣ್ಣಿಗೆ 8 ಗ್ರಾಂ ಚಿನ್ನದ ತಾಳಿ, ಜೊತೆಗೆ 10 ಸಾವಿರ, ಗಂಡಿಗೆ 5 ಸಾವಿರ ಅಂತ ಇಟ್ಟಿದ್ದರು. ಈಗ ಯಾವ ದೇವಸ್ಥಾನ, ಯಾವ ದಿನ ಅನ್ನುವುದನ್ನ ತಹಶೀಲ್ದಾರ್ ಕಚೇರಿಯ ಮುಜರಾಯಿ ವಿಭಾಗದಲ್ಲಿ ಕೇಳಿ. ಧರ್ಮ ಬೇರೆ ಇದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಅದಕ್ಕೆ ನೋಟಿಸು ಕೊಟ್ಟು 30 ದಿನ ಕಾಯಬೇಕು. ದಾರಿ ಯಾವುದಾದರೂ ನೋಂದಣಿ ತಪ್ಪಿಸಬೇಡಿ. ಆಮೇಲೆ ‘ಕದ್ದು’ ಅನ್ನುವವರಿಗೆ ಮೊದಲೇ ಒಂದು ಕಾಗದ ಬರೆದು ಕರೆದುಬಿಡಿ. ಕರೆಸಿಕೊಂಡವರ ಬಾಯಿ ಅರ್ಧ ಕಟ್ಟಿರುತ್ತೆ.

ಪ್ರಶ್ನೆ: ರಸ್ತೆಯಲ್ಲೇ ಗಣೇಶನ ಪೆಂಡಾಲ್ ಹಾಕೋದು ನಮ್ಮ ಸಂಘದ ಸಂಪ್ರದಾಯ. ಈ ಸಲ ಹದಿನೆಂಟು ಅಡಿ ಪಿಒಪಿ ಮೂರ್ತಿ. ಅಡ್ಡಿ ಇದೆಯಾ?
— ಯುವಕ ಸಂಘ, ಬೆಂಗಳೂರು

ಉತ್ತರ: ಇದೆ, ಎರಡಕ್ಕೂ. ಪಿಒಪಿ ಗಣೇಶನನ್ನ ಕೆರೆ-ಬಾವಿಗೆ ಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿ 2016ರಿಂದಲೇ ಬಿಡುತ್ತಿಲ್ಲ. ಪೆಂಡಾಲಿಗೆ ಪಾಲಿಕೆ, ಪೊಲೀಸು, ಬೆಸ್ಕಾಂ, ಅಗ್ನಿಶಾಮಕ ಎಲ್ಲರ ಒಪ್ಪಿಗೆ ಬೇಕು. ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡಿ. ಮಣ್ಣಿನ ಗಣೇಶ ಮೂರಡಿ ಇದ್ದರೂ ಗಣೇಶನೇ ಅಲ್ವಾ?

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳ್ತೀರಲ್ಲ, ನಿಮ್ಮ ಮಗಳ ಮದುವೆಗೆ ಎಷ್ಟು ಜನ ಬಂದಿದ್ದರು?
— ಹಳೇ ಓದುಗ, ತುಮಕೂರು

ಉತ್ತರ: ಕೇಳುವ ಧಾಟಿ ನೋಡಿದರೆ ನೀವೂ ಬಂದಿದ್ದಿರಿ ಅನ್ನಿಸುತ್ತೆ. ಮುನ್ನೂರು ಪತ್ರಿಕೆ ಅಚ್ಚು ಹಾಕಿಸೋಣ ಅಂತ ಕೂತೆವು. ಇಲಾಖೆಯವರನ್ನ ಬಿಡೋ ಹಾಗಿಲ್ಲ ಅಂತ ನಾನಂದೆ, ತವರಿನ ಕಡೆಯವರನ್ನ ಬಿಡೋ ಹಾಗಿಲ್ಲ ಅಂತ ಇವಳಂದಳು, ಏಳುನೂರಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಛತ್ರಗಳಲ್ಲಿ ಸಮೀಕ್ಷೆ ಮಾಡಿ, ಆ ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತೆ ಅಂತ ಲೆಕ್ಕ ಹೇಳಿದ್ದರು. ಅದನ್ನ ಕತ್ತರಿಸಿ ಇಟ್ಟುಕೊಂಡಿದ್ದೆ, ಭಟ್ಟರಿಗೆ ತೋರಿಸಿ ‘ಕಡಿಮೆ ಮಾಡಿ’ ಅಂದೆ. ಅವರು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು ‘ಆಯ್ತು ಸಾರ್, ಸಾವಿರ ಎಲೆಗೆ ಮಾಡ್ತೀನಿ’ ಅಂದರು. ಮೂರನೇ ಪಂಕ್ತಿಗೆ ಪಾಯಸ ಮುಗಿಯಿತು. ಕೊನೇ ಪಂಕ್ತಿಯಲ್ಲಿ ಹೋಳಿಗೆ ಮುಟ್ಟದೆ ಎದ್ದ ಎಲೆಗಳನ್ನ ನಾನೇ ನಿಂತು ಎಣಿಸಿದೆ, ಮೂವತ್ತೊಂದು.