ಸಂಪಾದಕರ ಉತ್ತರ: ಪಟ್ಟ ಸಿಕ್ಕಿದ ಮೇಲೂ ನಾಟಕ ಏಕೆ ಮುಗಿಯುವುದಿಲ್ಲ?

ಓದುಗರ ಪತ್ರ: "ಷೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ 'ಅತಿಯಾಸೆಯ ಫಲವೇ ಈ ದುರಂತ' ಎಂದು ತೀರ್ಪು ಕೊಟ್ಟಿದೆ. ನಾನು ಪಾಂಡವಪುರ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ತರಗತಿಯ ಹುಡುಗಿಯರಲ್ಲಿ ಹೆಚ್ಚಿನವರು ಕಬ್ಬು, ಭತ್ತ ಬೆಳೆಯುವ ಮನೆಯವರು. ದೊಡ್ಡದಕ್ಕೆ ಆಸೆಪಡಿ ಎಂದು ಅವರಿಗೆ ದಿನಾ ಹೇಳುವವಳು ನಾನು. ಆಸೆಪಟ್ಟವನು ಕೆಟ್ಟ ಎನ್ನುವ ನಾಟಕವನ್ನು ಅವರ ಮುಂದೆ ಹೇಗೆ ಇಡಲಿ? ಕೊಲೆಗಾರನೊಬ್ಬನನ್ನು ನಡುವೆ ನಿಲ್ಲಿಸಿ ಅವನಿಗಾಗಿ ಮರುಗಿ ಎನ್ನುವುದು ಯಾವ ನೀತಿ? ಇನ್ನು ಎಲ್ಲ ತಪ್ಪನ್ನೂ ಹೆಂಡತಿಯ ತಲೆಗೆ ಕಟ್ಟುವುದನ್ನು ಕೈಕೇಯಿ ಕಾಲದಿಂದ ಕೇಳಿ ಸಾಕಾಗಿದೆ. ವಾರ್ಷಿಕೋತ್ಸವಕ್ಕೆ ಇದರಲ್ಲಿ ಅರ್ಧ ಗಂಟೆಯಷ್ಟು ಆಡಿಸೋಣ ಎಂದುಕೊಂಡಿದ್ದೆ. ಈಗ ಅನುಮಾನ ಬಂದಿದೆ. ಹೆಸರು ಹಾಕಬೇಡಿ."

ಮೇಡಂ, ನಮಸ್ಕಾರ.

ಆಡಿಸಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೇಖನದ ತೀರ್ಪು ಅದನ್ನು ಬರೆದವರದು. ಅವರೊಬ್ಬರದೇ ಎನ್ನಲೂ ಆಗದು. ಪರೀಕ್ಷೆಯ ಗೈಡುಗಳಲ್ಲೂ ಈ ಒಂದು ಸಾಲು ಬಹಳ ಕಾಲದಿಂದ ಠಿಕಾಣಿ ಹೂಡಿದೆ. ನನಗೆ ಅದು ಒಪ್ಪಿಗೆಯಿಲ್ಲ. ನಾಟಕ ಹಾಗೆ ನಡೆಯುವುದಿಲ್ಲ, ಅಷ್ಟೇ ಕಾರಣ.

ಅಂಕಗಳ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ದೊರೆ ಡಂಕನ್‌ನನ್ನು ಅವನ ಸೇನಾನಿ ಮ್ಯಾಕ್‌ಬೆತ್ ಕೊಲ್ಲುವುದು ಎರಡನೇ ಅಂಕದಲ್ಲಿ. ಮೂರನೆಯದು ಶುರುವಾಗುವ ಹೊತ್ತಿಗೆ ಮ್ಯಾಕ್‌ಬೆತ್‌ಗೆ ಪಟ್ಟವಾಗಿದೆ, ಬಯಸಿದ್ದು ಕೈಗೆ ಬಂದಿದೆ. ಅತಿಯಾಸೆಯ ಕಥೆಯೇ ಆಗಿದ್ದರೆ ಇನ್ನು ಉಳಿದದ್ದು ಶಿಕ್ಷೆ ಮಾತ್ರ. ಅದನ್ನು ಒಂದು ದೃಶ್ಯದಲ್ಲಿ ಮುಗಿಸಬಹುದಿತ್ತು. ತನ್ನ ದುರಂತ ನಾಟಕಗಳಲ್ಲೇ ತೀರ ಚಿಕ್ಕದಾದ ಇದರಲ್ಲಿ ಷೇಕ್ಸ್‌ಪಿಯರ್ ಇನ್ನೂ ಮೂರು ಅಂಕ ಬರೆಯುತ್ತಾನೆ. ನಾಲ್ಕನೇ ಅಂಕದಲ್ಲಿ ಮ್ಯಾಕ್‌ಬೆತ್ ತನಗೆ ಎದುರಾದ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನಲ್ಲ, ಅದರಿಂದ ಅವನ ರಾಜ್ಯ ಗೇಣುದ್ದವೂ ಹಿಗ್ಗುವುದಿಲ್ಲ. ಮ್ಯಾಕ್‌ಡಫ್ ಆಗಲೇ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋಗಿಯಾಗಿದೆ. ಆ ಮಕ್ಕಳ ಕೊಲೆಯಲ್ಲಿ ಆಸೆ ಎನ್ನುವುದು ಎಲ್ಲಿದೆ? ಆಸೆ ತೀರಿದ ಮೇಲೂ ಕೈ ನಿಲ್ಲದ ಮನುಷ್ಯ ಅವನು. ನಾಟಕ ನೋಡುತ್ತಿರುವುದು ಅದನ್ನು.

ಈಗ ಹಿಂದಕ್ಕೆ ಬಂದು ಮೊದಲ ಅಂಕದ ಏಳನೇ ದೃಶ್ಯ ತೆಗೆಯಿರಿ. ಒಳಗೆ ದೊರೆ ಊಟಕ್ಕೆ ಕುಳಿತಿದ್ದಾನೆ. ಮನೆಯ ಯಜಮಾನನಾದ ಮ್ಯಾಕ್‌ಬೆತ್ ಪಂಕ್ತಿಯಿಂದ ಎದ್ದು ಹೊರಗೆ ಬಂದು ಒಬ್ಬನೇ ನಿಂತು ಯೋಚಿಸುತ್ತಾನೆ. ನಾನು ಇವನ ಬಂಧು, ಇವನ ಪ್ರಜೆ. ಅದಕ್ಕಿಂತ ಹೆಚ್ಚಾಗಿ ಇವತ್ತು ರಾತ್ರಿ ಇವನು ನನ್ನ ಮನೆಗೆ ಬಂದ ಅತಿಥಿ, ಕೊಲ್ಲಲು ಬರುವವನಿಗೆ ಬಾಗಿಲು ಹಾಕಬೇಕಾದವನು ನಾನು. ಮೇಲಾಗಿ ಒಳ್ಳೆಯ ದೊರೆ. ಕೊಲ್ಲುವುದನ್ನು ಒಂದು ಸಲ ಕಲಿಸಿಕೊಟ್ಟರೆ ಆ ಪಾಠ ಕಲಿಸಿದವನ ಮನೆಗೇ ತಿರುಗಿ ಬರುತ್ತದೆ. ಕೊನೆಗೆ ಅವನೇ ಒಪ್ಪಿಕೊಳ್ಳುತ್ತಾನೆ: ಇದಕ್ಕೆಲ್ಲ ನನ್ನ ಹತ್ತಿರ ಇರುವ ಕಾರಣ ಒಂದೇ, ಮೇಲೆ ಹಾರುವ ಹಂಬಲ. ಹೆಂಡತಿ ಬಂದೊಡನೆ, ಈ ವಿಚಾರ ಇಲ್ಲಿಗೆ ಬಿಡೋಣ ಎಂದೂ ಹೇಳುತ್ತಾನೆ.

ಇಡೀ ನಾಟಕದಲ್ಲಿ ಧರ್ಮಾಧರ್ಮವನ್ನು ಇಷ್ಟು ಬಿಡಿಸಿ ನೋಡಿದವನು ಬೇರೊಬ್ಬನಿಲ್ಲ. ತಾನು ಮಾಡಲಿರುವುದು ಏನೆಂದು ಪೂರ್ತಿ ಗೊತ್ತಿದ್ದೂ ಆ ರಾತ್ರಿ ಹೋಗಿ ಮಾಡುತ್ತಾನೆ. ಆಮೇಲೆ ಆ ತಿಳಿವಿನೊಂದಿಗೆ ಬದುಕಬೇಕಲ್ಲ? ಆಗದು. ಅದಕ್ಕೇ ಯೋಚಿಸುವುದನ್ನೇ ಬಿಡುತ್ತಾನೆ. ಇನ್ನು ಮೇಲೆ ಮನಸ್ಸಿಗೆ ಮೊದಲು ಹೊಳೆದದ್ದನ್ನೇ ಕೈ ಮೊದಲು ಮಾಡಲಿ ಎಂಬ ಮಾತು ನಾಲ್ಕನೇ ಅಂಕದಲ್ಲಿ ಬರುತ್ತದೆ, ಮ್ಯಾಕ್‌ಡಫ್‌ನ ಮನೆಗೆ ಕೊಲೆಗಾರರನ್ನು ಕಳಿಸುವ ಮುಂಚೆ. ಒಂದನೇ ಅಂಕದಲ್ಲಿ ಊಟ ಬಿಟ್ಟು ಎದ್ದು ಯೋಚಿಸಿದವನೂ ಈ ಮಾತಾಡಿದವನೂ ಒಬ್ಬನೇ. ಚಾರಿತ್ರ್ಯ ಕೆಟ್ಟದ್ದು ಈ ಎರಡು ದೃಶ್ಯಗಳ ನಡುವೆ. ಆಸೆ ಹುಟ್ಟಿದ ದಿನವಲ್ಲ.

ಇನ್ನೊಂದು ವಿಷಯ ನಿಮ್ಮ ಹುಡುಗಿಯರ ಗಮನಕ್ಕೆ ತನ್ನಿ. ರಾಜನಾಗಿ ಏನು ಮಾಡಬೇಕು ಎಂಬುದರ ಬಗ್ಗೆ ಮ್ಯಾಕ್‌ಬೆತ್ ಒಂದು ಸಾಲೂ ಆಡುವುದಿಲ್ಲ. ನಾಡಿಗೆ ಇಂಥದ್ದು ಮಾಡುತ್ತೇನೆ ಎಂಬ ಕನಸು ಹೋಗಲಿ, ಇಂಥ ಸುಖ ಪಡುತ್ತೇನೆ ಎಂಬ ಆಸೆಯನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನರ್ಸಿಂಗ್ ಸೀಟು ಬೇಕು ಎನ್ನುವ ನಿಮ್ಮ ವಿದ್ಯಾರ್ಥಿನಿಗೆ ಅದು ಏಕೆ ಬೇಕೆಂದು ಗೊತ್ತಿರುತ್ತದೆ. ಅವಳ ಆಸೆಯನ್ನೂ ಇವನದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅವಳಿಗೆ ಅನ್ಯಾಯ.

ಷೇಕ್ಸ್‌ಪಿಯರ್ ಬೇಕೆಂದೇ ಇದನ್ನೆಲ್ಲ ಬೋಳಿಸಿದ್ದಾನೆ. ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡ್ ಆಳಿದವನು. ಡಂಕನ್ ಸತ್ತದ್ದು ಯುದ್ಧದಲ್ಲಿ, ಹಾಸಿಗೆಯಲ್ಲಲ್ಲ. ನಾಟಕಕ್ಕೆ ಆಧಾರವಾದ ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಲ್ಲಿ ಡಂಕನ್ ಮೆದು ಆಳು, ಮ್ಯಾಕ್‌ಬೆತ್‌ಗೂ ಪಟ್ಟದ ಮೇಲೆ ಒಂದು ಹಕ್ಕಿನ ಮಾತಿದೆ, ಪಟ್ಟವೇರಿದ ಮೇಲೆ ಹತ್ತು ವರ್ಷ ಚೆನ್ನಾಗಿಯೇ ಆಳುತ್ತಾನೆ. ಕೊಲೆಯಲ್ಲಿ ಜೊತೆಯ ಸೇನಾನಿ ಬ್ಯಾಂಕೋ ಕೂಡ ಪಾಲುದಾರ. ನಾಟಕದಲ್ಲಿ ಇದ್ಯಾವುದೂ ಇಲ್ಲ. ಬ್ಯಾಂಕೋನನ್ನು ತೊಳೆದು ಶುದ್ಧ ಮಾಡಿದ್ದಕ್ಕೆ ರಾಜಕಾರಣವೂ ಕಾರಣವಿರಬೇಕು: 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಜೇಮ್ಸ್ ದೊರೆ ತನ್ನನ್ನು ಬ್ಯಾಂಕೋನ ವಂಶದವನೆಂದು ಹೇಳಿಕೊಳ್ಳುತ್ತಿದ್ದ. ಆದರೆ ಮ್ಯಾಕ್‌ಬೆತ್‌ನಿಂದ ನೆಪಗಳನ್ನೆಲ್ಲ ಕಿತ್ತುಕೊಂಡದ್ದು ಬರೀ ರಾಜಭಕ್ತಿಯಿಂದಲ್ಲ. ನೆಪ ಉಳಿದಿದ್ದರೆ ನಾವು ಅವನ ಪರ ವಕಾಲತ್ತು ಶುರುಮಾಡುತ್ತಿದ್ದೆವು.

ತೊಳೆದ ಬ್ಯಾಂಕೋ ಕೂಡ ಪೂರ್ತಿ ಬೆಳ್ಳಗಾಗಿಲ್ಲ, ನೋಡಿ. ಮ್ಯಾಕ್‌ಬೆತ್ ದೊರೆಯಾಗುತ್ತಾನೆ, ಬ್ಯಾಂಕೋನ ವಂಶದವರು ದೊರೆಗಳಾಗುತ್ತಾರೆ ಎಂದ ಮಾಟಗಾತಿಯರ ಮಾತನ್ನು ಅವನೂ ಕೇಳಿಸಿಕೊಂಡವನು. ಮ್ಯಾಕ್‌ಬೆತ್ ಕೆಟ್ಟ ಆಟ ಆಡಿಯೇ ಪಟ್ಟ ಹೊಡೆದ ಎಂಬ ಗುಮಾನಿ ಅವನಿಗಿದೆ. ಬಾಯಿ ಬಿಡುವುದಿಲ್ಲ. ಏಕೆಂದರೆ ಭವಿಷ್ಯವಾಣಿಯಲ್ಲಿ ಅವನ ಮಕ್ಕಳಿಗೂ ಒಂದು ಪಾಲಿದೆ. ನಾಲ್ಕನೇ ಅಂಕದಲ್ಲಿ ಇನ್ನೂ ತಮಾಷೆ. ಡಂಕನ್‌ನ ಮಗ ಯುವರಾಜ ಮಾಲ್ಕಮ್, ಮ್ಯಾಕ್‌ಡಫ್‌ನನ್ನು ಪರೀಕ್ಷಿಸಲು, ನಾನು ಹೆಣ್ಣುಬಾಕ, ದುಡ್ಡುಬಾಕ ಎಂದೆಲ್ಲ ಸುಳ್ಳು ಹೇಳುತ್ತಾನೆ. ಸಜ್ಜನ ಮ್ಯಾಕ್‌ಡಫ್, ಪರವಾಗಿಲ್ಲ, ಬೇರೆ ಒಳ್ಳೆಯ ಗುಣಗಳಿದ್ದರೆ ಸಹಿಸಿಕೊಳ್ಳಬಹುದು, ನಮ್ಮ ನಾಡಿನಲ್ಲಿ ನಿಮಗೆ ಸಾಲುವಷ್ಟಿದೆ ಎನ್ನುತ್ತಾನೆ! ಚುನಾವಣೆಯ ಕಾಲದಲ್ಲಿ ಮಂಡ್ಯದ ಯಾವುದೇ ಟೀ ಅಂಗಡಿಯಲ್ಲಿ ಕೇಳಬಹುದಾದ ಮಾತು. ನೀತಿಯ ನಾಟಕ ಬರೆಯಲು ಕುಳಿತವನು ಇಂಥ ದೃಶ್ಯ ಬರೆಯುವುದಿಲ್ಲ.

ಕೊಲೆಗಾರನನ್ನು ನಡುವೆ ನಿಲ್ಲಿಸುವುದು ಯಾವ ನೀತಿ ಎಂದು ಕೇಳಿದ್ದೀರಿ. ನಿಮ್ಮ ಕಡೆಯ ಹಳ್ಳಿಗಳೇ ಉತ್ತರ ಕೊಡುತ್ತವೆ. ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ಕಟ್ಟುವಾಗ, ಹಾರ್ಮೋನಿಯಂ ಮೇಷ್ಟ್ರ ಮುಂದೆ ದುರ್ಯೋಧನನ ಪಾರ್ಟಿಗೆ ಕೈಯಿಂದ ದುಡ್ಡು ಕಟ್ಟಲು ಎಷ್ಟು ಪೈಪೋಟಿ! ಧರ್ಮರಾಯನ ಪಾರ್ಟು ಅದಕ್ಕಿಂತ ಅಗ್ಗ. ಹಾಗೆಂದು ಆ ಊರಿನವರೆಲ್ಲ ಅಧರ್ಮದ ಪಕ್ಷವೇ? ಕೊನೆಯಲ್ಲಿ ಅವನ ತೊಡೆ ಮುರಿಯಲೇಬೇಕು ಎಂದು ಬೆಳಗಿನ ಜಾವದವರೆಗೆ ಕಾದು ಕುಳಿತಿರುವವರೂ ಅವರೇ. ರನ್ನ ಇದನ್ನು ಸಾವಿರ ವರ್ಷದ ಹಿಂದೆಯೇ ಬಲ್ಲ. ಬಿ.ಎಂ.ಶ್ರೀಯವರು ನಾಟಕವಾಗಿಸಿದ 'ಗದಾಯುದ್ಧ'ದಲ್ಲಿ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತ ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ. ನಿನ್ನ ಸಾಹಸದ ಒಂದಂಶವಾದರೂ ನನ್ನ ಸಾವಿಗೆ ಸಿಗಲಿ ಎಂದು ಬೇಡಿಕೊಳ್ಳುತ್ತಾನೆ. ಛಲ ಬಿಡಲಿಲ್ಲ, ಪಾಂಡವರಿಗೆ ನೆಲ ಕೊಡಲಿಲ್ಲ. ಆದರೂ ಎದುರಿನವರ ದೊಡ್ಡತನ ಕಾಣುವ ಕಣ್ಣು ಕೊನೆಯವರೆಗೂ ಅವನಲ್ಲಿ ಉಳಿಯಿತು. ಮ್ಯಾಕ್‌ಬೆತ್‌ಗೆ ಆ ಕಣ್ಣು ಮೊದಲೇ ಇತ್ತು, ತಾನೇ ಮುಚ್ಚಿಕೊಂಡ. ಇಬ್ಬರಲ್ಲಿ ಯಾರು ಹೆಚ್ಚು ಕೆಟ್ಟವರು ಎಂದು ತರಗತಿಯಲ್ಲಿ ಕೇಳಿ ನೋಡಿ, ಗಂಟೆ ಹೊಡೆದರೂ ಜಗಳ ನಿಲ್ಲುವುದಿಲ್ಲ.

ನಮ್ಮ ಮೈಸೂರಿನ ಉದಾಹರಣೆಯೂ ಒಂದಿದೆ. ಎಚ್.ಎಸ್. ಶಿವಪ್ರಕಾಶ್ ಮ್ಯಾಕ್‌ಬೆತ್ ಕಥೆಯನ್ನು 'ಮಾರನಾಯಕನ ದೃಷ್ಟಾಂತ' ಎಂದು ಕನ್ನಡದ ಮಣ್ಣಿಗೆ ತಂದರು. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅದನ್ನು ಆಡಿಸಿದ್ದು ಜೈಲಿನ ಕೈದಿಗಳಿಂದ. ಕೊಲೆಗಿಂತ ಕೊಲೆಯ ನಂತರದ ಬದುಕೇ ಈ ನಾಟಕದ ತಿರುಳು ಎಂದು ಆ ನಟವರ್ಗಕ್ಕೆ ಯಾರೂ ಉಪನ್ಯಾಸ ಕೊಡಬೇಕಿರಲಿಲ್ಲ. ಮರುಗುವುದು ಎಂದರೆ ಬಿಡುಗಡೆ ಮಾಡುವುದಲ್ಲ, ಮೇಡಂ. ನಾಟಕ ಅವನ ತಲೆ ಕಡಿಸಿಯೇ ಮುಗಿಯುತ್ತದೆ.

ಹೆಂಡತಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಸಹಿ. ಕೊಲೆಯ ಯೋಚನೆ ಮ್ಯಾಕ್‌ಬೆತ್‌ನ ತಲೆಗೆ ಬರುವುದು ಮೂರನೇ ದೃಶ್ಯದಲ್ಲಿ. ಅವಳು ರಂಗಕ್ಕೆ ಬರುವುದೇ ಐದನೆಯದರಲ್ಲಿ, ಅದೂ ಅವನು ಬರೆದ ಕಾಗದ ಓದುತ್ತ. ನೀನು ಗಂಡಸೇ ಎಂದು ಚುಚ್ಚಿದಳು, ನಿಜ. ಆದರೆ ಮಲಗಿದ್ದ ಮುದುಕ ತನ್ನ ತಂದೆಯಂತೆ ಕಂಡ ಎಂಬ ಕಾರಣಕ್ಕೆ ಅವಳ ಕೈ ಏಳಲಿಲ್ಲ. ಮುಂದೆ ಬ್ಯಾಂಕೋನನ್ನು ಕೊಲ್ಲಿಸುವುದನ್ನು ಅವನು ಅವಳಿಗೆ ಹೇಳುವುದೂ ಇಲ್ಲ. ಬ್ಯಾಂಕೋನ ಭೂತ ಬರುವ ಔತಣದ ದೃಶ್ಯದ ನಂತರ ಅವಳು ಇಡೀ ನಾಲ್ಕನೇ ಅಂಕದಲ್ಲಿ ಕಾಣುವುದಿಲ್ಲ. ಮತ್ತೆ ಬರುವುದು ನಿದ್ದೆಯಲ್ಲಿ ನಡೆಯುತ್ತ, ಕೈ ತಿಕ್ಕಿಕೊಳ್ಳುತ್ತ.

ಇನ್ನು ಅರ್ಧ ಗಂಟೆಯ ವಿಷಯ. ಕಾಗದ ಓದುವುದು, ಊಟದಿಂದ ಎದ್ದು ಬರುವುದು, ಕೊಲೆ ಮುಗಿಸಿ ರಕ್ತದ ಕೈಯಲ್ಲಿ ಬರುವುದು, ಔತಣ: ಈ ನಾಲ್ಕು ಸಾಕು. ಡಂಕನ್‌ನ ಕೊಲೆ ಮೂಲದಲ್ಲೂ ರಂಗದ ಮೇಲೆ ನಡೆಯುವುದಿಲ್ಲ, ಆದ್ದರಿಂದ ಪ್ರಿನ್ಸಿಪಾಲರು ಹೆದರಬೇಕಿಲ್ಲ. ಗಂಡುಪಾತ್ರಗಳನ್ನು ಹುಡುಗಿಯರೇ ಮಾಡಲಿ. ಷೇಕ್ಸ್‌ಪಿಯರ್‌ನ ಕಾಲದಲ್ಲಿ ಹೆಣ್ಣುಪಾತ್ರಗಳನ್ನೆಲ್ಲ ಹುಡುಗರು ಮಾಡುತ್ತಿರಲಿಲ್ಲವೇ? ಡಿವಿಜಿಯವರ ಅನುವಾದವನ್ನು ನೀವು ಓದಿಕೊಳ್ಳಿ, ಮಾತುಗಳನ್ನು ಮಾತ್ರ ಹುಡುಗಿಯರೇ ಬರೆದುಕೊಳ್ಳಲಿ. ಮಾಟಗಾತಿಯರನ್ನು ಸೇರಿಸುವುದಾದರೆ ಅವರು ಮಂಡ್ಯದ ಕನ್ನಡವನ್ನೇ ಆಡಲಿ. ಬ್ಯಾಂಕೋನ ಭೂತಕ್ಕೆ ಬಿಳಿ ಬಟ್ಟೆ ಸುತ್ತುವ ಗೋಜಿಗೆ ಹೋಗಬೇಡಿ: ಅದು ಮ್ಯಾಕ್‌ಬೆತ್ ಒಬ್ಬನಿಗೆ ಮಾತ್ರ ಕಾಣುವಂಥದ್ದು, ಖಾಲಿ ಕುರ್ಚಿ ಇಟ್ಟರೆ ಖರ್ಚೂ ಇಲ್ಲ, ಹಿಂದಿನ ಬೆಂಚಿನವರು ನಗುವುದೂ ಇಲ್ಲ.

ತಾರೀಖು ಗೊತ್ತಾದ ಮೇಲೆ ಒಂದು ಕಾಗದ ಹಾಕಿ. ಮೈಸೂರಿನಿಂದ ಪಾಂಡವಪುರಕ್ಕೆ ರೈಲಿದೆ. ಪತ್ರಿಕೆಯ ಕಡೆಯಿಂದ ಯಾರಾದರೂ ಬರುತ್ತೇವೆ.

— ಸಂಪಾದಕ